ಸತ್ತ ಮೇಲೂ ಬಿಡದ ತಕರಾರು

ಕಾರ್ಕಳದ ಗೊಮ್ಮಟನ ವಿವರ ಎಲ್ಲರಿಗೂ ಗೊತ್ತಿರುವಂಥದ್ದು: ಎತ್ತರ 42 ಅಡಿ, ಪ್ರತಿಷ್ಠೆ 1432ರಲ್ಲಿ, ನಿಲ್ಲಿಸಿದವನು ವೀರಪಾಂಡ್ಯ ಭೈರರಸ. ಕೆತ್ತಿದವನು ಯಾರು ಎಂದು ಕೇಳಿದರೆ ಮಾತ್ರ ತುಳುವಿನ ಹಾಡುಗತೆಯಾದ ಪಾಡ್ದನದ ಬಾಗಿಲು ತಟ್ಟಬೇಕಾಗುತ್ತದೆ. ಬೀರ ಕಲ್ಕುಡನೆಂಬ ಶಿಲ್ಪಿ ಶ್ರವಣಬೆಳಗೊಳದ ಗೊಮ್ಮಟನ ಕೆಲಸ ಮುಗಿಸಿ ಕಾರ್ಕಳಕ್ಕೆ ಬಂದನಂತೆ. ಮೂರ್ತಿ ಎದ್ದು ನಿಂತ ಮೇಲೆ, ಇಂಥದ್ದು ಇನ್ನೊಂದು ಊರಿನಲ್ಲಿ ಆಗಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಕಲ್ಕುಡ ಜಗ್ಗಲಿಲ್ಲ. ಉಳಿದ ಕೈಯಲ್ಲೇ ವೇಣೂರಿನ ಗೊಮ್ಮಟನನ್ನು ಕೆತ್ತಿದ. ಆಮೇಲೆ ಅವನೂ ತಂಗಿ ಕಲ್ಲುರ್ಟಿಯೂ ಮಾಯವಾಗಿ ದೈವಗಳಾದರು. ಕಾರ್ಕಳಕ್ಕೆ ಬೆಂಕಿ ಬಿತ್ತು, ಅರಸನ ನೆಮ್ಮದಿ ಹೋಯಿತು.

ಬೆಳಗೊಳದ ಮೂರ್ತಿ ಹತ್ತನೆಯ ಶತಮಾನದ್ದು, ವೇಣೂರಿನದು 1604ರದು. ಇತಿಹಾಸದ ಮೇಷ್ಟ್ರು ಲೆಕ್ಕ ಹಾಕಿದರೆ ಕಲ್ಕುಡನಿಗೆ ಆರು ನೂರು ವರ್ಷಕ್ಕೂ ಮೀರಿದ ಆಯಸ್ಸು ಬೇಕು. ಪಾಡ್ದನ ಹಾಡುವವರಿಗೆ ಆ ಚಿಂತೆಯಿಲ್ಲ. ಕೆಲಸ ಮಾಡಿದವನಿಗೆ ಸಿಕ್ಕ ಕೂಲಿ ಏನು ಎಂಬುದೊಂದೇ ಅವರ ಪ್ರಶ್ನೆ.

ಈ ಕತೆ ಇಂಗ್ಲಿಷ್ ಓದುಗರ ಕೈಗೆ ಸಿಕ್ಕಿದ್ದು ವಿಕ್ಟೋರಿಯಾ ರಾಣಿಯ ಕಾಲದಲ್ಲೇ. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ಎ. ಸಿ. ಬರ್ನೆಲ್ ಪಾಡ್ದನಗಳನ್ನು ಕೂಡಿಹಾಕಿದ್ದ. ಅವನು 1882ರಲ್ಲಿ ತೀರಿಕೊಂಡ ಮೇಲೆ, 1894ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆ ಅವನ್ನು ಕಂತುಗಳಲ್ಲಿ ಅಚ್ಚು ಹಾಕಿತು. ಅದಕ್ಕೂ ಮೊದಲೇ, 1886ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಮ್ಯಾನರ್ ಎಂಬ ಪಾದ್ರಿಯ ‘ಪಾಡ್ದನೊಳು’ ಬಂದಿತ್ತು. ಬರ್ನೆಲ್ ಬರಹಕ್ಕೆ ಕೊಟ್ಟ ತಲೆಬರಹ ಮಾತ್ರ ತುಳುವರು ಪಿಶಾಚಿಗಳನ್ನು ಪೂಜಿಸುವವರು ಎಂಬ ಧಾಟಿಯದು. ತಮಾಷೆಯೆಂದರೆ, ಅದೇ ವರ್ಷಗಳಲ್ಲಿ ಅವನ ಊರಿನವರು ಕ್ರಿಸ್ಮಸ್ ಬಂತೆಂದರೆ ಬೆಂಕಿಗೂಡಿನ ಮುಂದೆ ಕುಳಿತು ದೆವ್ವದ ಕತೆಗಳನ್ನೇ ಓದಿಸಿಕೊಳ್ಳುತ್ತಿದ್ದರು.

ಆ ಗೀಳಿಗೆ ದೊಡ್ಡ ಮಾರುಕಟ್ಟೆ ಒದಗಿಸಿದವನು ಚಾರ್ಲ್ಸ್ ಡಿಕನ್ಸ್. 1843ರ ಡಿಸೆಂಬರ್ 19ರಂದು ಬಂದ ‘ಎ ಕ್ರಿಸ್ಮಸ್ ಕ್ಯಾರಲ್’ನ 6,000 ಪ್ರತಿಗಳು ಹಬ್ಬದೊಳಗೆ ಖಾಲಿಯಾದವು. ಕತೆಯ ದೆವ್ವಗಳು ಬರುವುದು ಗುಮಾಸ್ತನಿಗೆ ಹೊಟ್ಟೆ ತುಂಬ ಸಂಬಳ ಕೊಡದ ಜಿಪುಣ ವ್ಯಾಪಾರಿಯನ್ನು ತರಾಟೆಗೆ ತೆಗೆದುಕೊಳ್ಳಲು. 1865ರಲ್ಲಿ ಡಿಕನ್ಸ್ ರೈಲು ಅಪಘಾತವೊಂದರಲ್ಲಿ ಸಾವಿನಿಂದ ಪಾರಾದ. ಮರುವರ್ಷವೇ ಸುರಂಗದ ಬಾಯಲ್ಲಿ ಒಂಟಿಯಾಗಿ ದುಡಿಯುವ ಸಿಗ್ನಲ್‌ಮ್ಯಾನನಿಗೆ ಕಾಣಿಸಿಕೊಳ್ಳುವ ಪ್ರೇತದ ಕತೆ ಬರೆದ. ಎಲಿಜಬೆತ್ ಗ್ಯಾಸ್ಕೆಲ್ 1852ರಲ್ಲಿ ಬರೆದ ಕತೆಯಲ್ಲಿ, ಅಪ್ಪನೇ ಹಿಮಕ್ಕೆ ದೂಡಿದ ಮಗಳೂ ಮೊಮ್ಮಗಳೂ ದೆವ್ವಗಳಾಗಿ ಮನೆಬಾಗಿಲಿಗೆ ಮರಳುತ್ತಾರೆ. ಇಂಥ ಕತೆ ಬರೆದವರಲ್ಲಿ ಹೆಂಗಸರು ಬಹಳ. ಮದುವೆಯಾದ ಹೆಣ್ಣಿನ ಆಸ್ತಿ ಅವಳದೇ ಎಂದು ಇಂಗ್ಲೆಂಡಿನ ಕಾನೂನು ಸರಿಯಾಗಿ ಒಪ್ಪಿದ್ದು 1882ರಲ್ಲಿ. ಅಲ್ಲಿಯವರೆಗೆ ಆಸ್ತಿ, ಉಯಿಲು, ಮುಚ್ಚಿಟ್ಟ ಪಾಪಗಳ ಮಾತನ್ನು ಬಾಯಿಬಿಟ್ಟು ಆಡಲು ದೆವ್ವದ ಕತೆ ಒಂದು ಸಭ್ಯವಾದ ಮರೆ. ಪತ್ರಿಕೆಗಳು ದುಡ್ಡೂ ಕೊಡುತ್ತಿದ್ದವು.

ಹೆದರಿಕೆಯ ರುಚಿಯೂ ಸೇರಿತ್ತು, ಅದನ್ನು ಸಣ್ಣದು ಮಾಡಬಾರದು. ಕಾಪುವಿನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಪಿಲಿ ಕೋಲ, ಅಂದರೆ ಹುಲಿ ದೈವದ ಕೋಲ, ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹುಲಿಯಾದವನು ಜನರ ನಡುವೆ ನುಗ್ಗುತ್ತಾನೆ. ಅವನ ಕೈಗೆ ಸಿಕ್ಕವನಿಗೆ ಆಯುಷ್ಯವಿಲ್ಲ ಎಂಬುದು ಊರಿನ ನಂಬಿಕೆ. ಹಾಗೆಂದು ಯಾರೂ ಮನೆಯಲ್ಲಿ ಕೂರುವುದಿಲ್ಲ. ಹುಡುಗರು ಆದಷ್ಟು ಹತ್ತಿರ ಹೋಗಿ, ಹುಲಿ ಇತ್ತ ತಿರುಗಿದ ಕೂಡಲೇ ಕಾಲಿಗೆ ಬುದ್ಧಿ ಹೇಳುತ್ತಾರೆ.

ಆದರೆ ಲಂಡನ್ನಿನ ದೆವ್ವ ಪುಟ ಮುಚ್ಚಿದರೆ ಮುಗಿಯಿತು. ತುಳುನಾಡಿನ ದೈವ ಅಂಗಳಕ್ಕೆ ಬರುತ್ತದೆ, ಹೆಸರು ಹಿಡಿದು ಕರೆಯುತ್ತದೆ, ನುಡಿ ಕೊಡುತ್ತದೆ. ಕಾರ್ಕಳ ತಾಲ್ಲೂಕಿನ ನಂದಳಿಕೆಯ ಸಿರಿ ಜಾತ್ರೆ ಇದಕ್ಕೆ ದೊಡ್ಡ ಸಾಕ್ಷಿ. ಸತ್ಯನಾಪುರದ ಸಿರಿ, ಗಂಡ ಕಾಂತು ಪೂಂಜನ ಅನ್ಯಾಯ ಸಹಿಸದೆ ಅವನನ್ನು ಬಿಟ್ಟು ಹೊರಟವಳು. ಅವಳ ಪಾಡ್ದನ ಎಷ್ಟು ದೊಡ್ಡದೆಂದರೆ, ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು ಹಾಡಿದ್ದನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ 1998ರಲ್ಲಿ ಪ್ರಕಟಿಸಿದಾಗ ಅದು 15,683 ಸಾಲಾಯಿತು. ಜಾತ್ರೆಯ ಹುಣ್ಣಿಮೆ ರಾತ್ರಿ ಹಿಂಗಾರ ಹಿಡಿದ ಹೆಂಗಸರ ಮೈಮೇಲೆ ಸಿರಿಯೂ ಅವಳ ಸಂತತಿಯೂ ಬರುತ್ತಾರೆ. ಸಿರಿಯ ಮಗ ಕುಮಾರನ ದರ್ಶನವಿರುವ ಗಂಡಸು ಅವರನ್ನು ಮಾತಾಡಿಸುತ್ತಾನೆ. ವರ್ಷವಿಡೀ ಅತ್ತೆ, ಗಂಡ, ಅಣ್ಣಂದಿರ ಮುಂದೆ ಎತ್ತದ ದನಿ ಅಂದು ಎದ್ದರೆ ಮನೆಯವರು ತಲೆತಗ್ಗಿಸಿ ಕೇಳಲೇಬೇಕು. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಪ್ರೇತಗಳನ್ನು ಕರೆಸುವ ಕೂಟಗಳಿಗೆ ಮಾಧ್ಯಮಗಳಾಗಿ ಕೂತವರಲ್ಲೂ ಹೆಂಗಸರೇ ಹೆಚ್ಚು. ಅವರ ಬಾಯಿಂದ ಬಂದದ್ದು ಸತ್ತವರ ಮಾತು ಎಂಬ ಕಾರಣಕ್ಕೆ ಗಂಡಸರು ಸುಮ್ಮನೆ ಕೇಳಿಸಿಕೊಂಡರು.

ದೈವ ಬೇರೆ, ಕುಲೆ ಬೇರೆ. ಕುಲೆಗಳು ಮನೆಯಲ್ಲಿ ಸತ್ತವರು, ಹಸಿವು ಆಸೆಗಳಿರುವವರು. ಎಳವೆಯಲ್ಲಿ ತೀರಿದ ಮಗುವಿಗೆ ವಯಸ್ಸು ಬಂತೆಂದು ಲೆಕ್ಕ ಹಾಕಿ ಕುಲೆ ಮದುವೆ ಮಾಡುವ ಪದ್ಧತಿ ಕರಾವಳಿಯಲ್ಲಿ ಇನ್ನೂ ಇದೆ. 2024ರಲ್ಲಿ ಪುತ್ತೂರಿನ ಕುಟುಂಬವೊಂದು ಮೂವತ್ತು ವರ್ಷಗಳ ಹಿಂದೆ ತೀರಿದ ಹೆಣ್ಣುಮಗುವಿಗೆ ಪತ್ರಿಕೆಯಲ್ಲಿ ವರ ಬೇಕೆಂದು ಜಾಹೀರಾತು ಕೊಟ್ಟಾಗ ದೂರದ ಊರಿನವರು ನಕ್ಕರು. ಬರಿ (ಕುಲ) ನೋಡಿ, ಜಾತಿ ನೋಡಿ, ಸೀರೆ ಬಳೆ ತಂದು, ಊಟ ಹಾಕಿಸುವ ಆ ಮದುವೆಯಲ್ಲಿ ಹೆತ್ತವರು ತಮ್ಮ ಮಗುವನ್ನು ಮತ್ತೆ ನೆನೆಯುತ್ತಾರೆ, ಎರಡು ಮನೆಗಳು ನಂಟರಾಗುತ್ತವೆ. ನಗುವ ವಿಷಯ ಅದಲ್ಲ.

ಹಾಗೆಂದು ಎಲ್ಲವನ್ನೂ ಹೊಗಳಿ ಕೂರುವಂತಿಲ್ಲ. ದೈವ ಕಟ್ಟುವವರು ನಲಿಕೆ, ಪರವ, ಪಂಬದ ಸಮುದಾಯದವರು. ರಾತ್ರಿ ಯಾರ ಎದುರು ಗುತ್ತುಮನೆಯ ಯಜಮಾನ ಕೈಮುಗಿದು ನಿಂತಿದ್ದನೋ, ಮುಖದ ಅರದಾಳ ತೊಳೆದ ಮೇಲೆ ಅದೇ ವ್ಯಕ್ತಿ ಚಾವಡಿಯ ಮೆಟ್ಟಿಲು ಹತ್ತುವಂತಿರಲಿಲ್ಲ. ದೈವದ ನುಡಿ ಯಜಮಾನನಿಗೆ ಎಚ್ಚರಿಕೆ ಕೊಟ್ಟಿದೆ, ಯಜಮಾನಿಕೆಯನ್ನು ಕಿತ್ತುಹಾಕಿಲ್ಲ. ಡಿಕನ್ಸನ ವ್ಯಾಪಾರಿಯೂ ಕೊನೆಗೆ ಉದಾರಿಯಾದ. ಅಂಗಡಿ ಅವನದೇ ಆಗಿ ಉಳಿಯಿತು.

ಉಡುಪಿಯ ಎಂ.ಜಿ.ಎಂ. ಕಾಲೇಜಿನ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರ 1984ರಲ್ಲೇ ಯು. ಪಿ. ಉಪಾಧ್ಯಾಯ ಮತ್ತು ಸುಶೀಲಾ ಉಪಾಧ್ಯಾಯರ ಭೂತಾರಾಧನೆಯ ಅಧ್ಯಯನವನ್ನು ಇಂಗ್ಲಿಷಿನಲ್ಲಿ ಹೊರತಂದಿತ್ತು. ಆದರೂ ಹೊರಗಿನ ಜನಸಾಮಾನ್ಯರ ಕಣ್ಣು ಬಿದ್ದದ್ದು 2022ರ ಸೆಪ್ಟೆಂಬರ್ 30ರಂದು ‘ಕಾಂತಾರ’ ಸಿನಿಮಾ ತೆರೆಕಂಡ ಮೇಲೆ. ಅರವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನವನ್ನು ಕರ್ನಾಟಕ ಸರ್ಕಾರ ಘೋಷಿಸಿದ್ದು ಆ ಅಕ್ಟೋಬರಿನಲ್ಲಿ.