ಎಲ್ ನಿನೊ ಹೋದ ಮೇಲೂ ಉಳಿಯುವ ಬಿಸಿ

ಪೆಸಿಫಿಕ್ ಮಹಾಸಾಗರದಲ್ಲಿ ಸಮಭಾಜಕ ವೃತ್ತದ ಆಸುಪಾಸಿನ ನೀರು ಎರಡರಿಂದ ಏಳು ವರ್ಷಗಳಿಗೊಮ್ಮೆ ಮಾಮೂಲಿಗಿಂತ ಹೆಚ್ಚು ಬಿಸಿಯಾಗುತ್ತದೆ. ಇದು ಎಲ್ ನಿನೊ. ಇನ್ನು ಕೆಲವು ವರ್ಷ ಅದೇ ನೀರು ಮಾಮೂಲಿಗಿಂತ ತಣ್ಣಗಾಗುತ್ತದೆ. ಅದು ಲಾ ನಿನಾ. ಏರಿದ್ದು ಇಳಿಯುತ್ತದೆ, ಇಳಿದದ್ದು ಏರುತ್ತದೆ ಎಂದಮೇಲೆ ಹಲವು ದಶಕಗಳ ಸರಾಸರಿ ತೆಗೆದಾಗ ಈ ಏರಿಳಿತದ ಗುರುತೇ ಉಳಿಯಬಾರದು ಅನ್ನಿಸುವುದು ಸಹಜ. ಆದರೆ ಸಾಗರದ ಲೆಕ್ಕ ಹಾಗೆ ಚುಕ್ತಾ ಆಗುವುದಿಲ್ಲ. ಪ್ರತಿ ಸುತ್ತಿನಲ್ಲೂ ಏನೋ ಒಂದಿಷ್ಟು ಬಾಕಿ ಉಳಿಯುತ್ತದೆ, ಆ ಬಾಕಿ ಸರಾಸರಿಯೊಳಗೆ ಸೇರಿಕೊಳ್ಳುತ್ತದೆ.

ಮಾಮೂಲಿ ವರ್ಷಗಳಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ವಾಣಿಜ್ಯ ಮಾರುತಗಳು ಬಿಸಿನೀರನ್ನು ಇಂಡೊನೇಷ್ಯಾದ ಕಡೆಗೆ ದಬ್ಬಿಕೊಂಡು ಹೋಗುತ್ತವೆ. ಅಲ್ಲಿ ಸಮುದ್ರದ ಮಟ್ಟ ದಕ್ಷಿಣ ಅಮೆರಿಕದ ಕರಾವಳಿಗಿಂತ ಸುಮಾರು ಅರ್ಧ ಮೀಟರ್ ಎತ್ತರ; ಮೇಲ್ಮೈ ನೀರಿನ ಉಷ್ಣಾಂಶ 28ರಿಂದ 30 ಡಿಗ್ರಿ ಸೆಲ್ಸಿಯಸ್. ಇತ್ತ ಪೆರು ದೇಶದ ದಂಡೆಯಲ್ಲಿ ಸರಿದುಹೋದ ನೀರಿನ ಜಾಗಕ್ಕೆ ಆಳದಿಂದ ತಣ್ಣೀರು ಉಕ್ಕಿ ಬರುತ್ತದೆ. ಅದರ ಜೊತೆ ಬರುವ ಪೋಷಕಾಂಶಗಳೇ ಅಲ್ಲಿನ ಆಂಚೊವೆಟಾ ಮೀನಿನ ಸಮೃದ್ಧಿಗೆ ಕಾರಣ. ಮಾರುತಗಳು ಸೊರಗಿದಾಗ ಪಶ್ಚಿಮದ ಬಿಸಿನೀರು ಪೂರ್ವಕ್ಕೆ ಹರಿದು ಬರುತ್ತದೆ, ತಣ್ಣೀರಿನ ಉಕ್ಕು ನಿಲ್ಲುತ್ತದೆ, ಮೀನು ಕಾಣೆಯಾಗುತ್ತದೆ. 1972–73ರ ಎಲ್ ನಿನೊ, ಮಿತಿಮೀರಿದ ಬೇಟೆಯೂ ಜೊತೆಗೂಡಿ, ಪೆರುವಿನ ಮೀನುಗಾರಿಕೆಯನ್ನೇ ನೆಲಕಚ್ಚಿಸಿತು. ಭಾರತದ ಹವಾಮಾನ ವೀಕ್ಷಣಾಲಯಗಳ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಮುಂಗಾರಿನ ಮುನ್ಸೂಚನೆಗಾಗಿ ತಡಕಾಡುತ್ತ ಪೆಸಿಫಿಕ್‌ನ ಎರಡು ಬದಿಗಳ ವಾಯುಒತ್ತಡ ತಕ್ಕಡಿಯ ತಟ್ಟೆಗಳಂತೆ ಏರಿಳಿಯುವುದನ್ನು ಗುರುತಿಸಿದ್ದರು. ಆ ಗಾಳಿಯ ಏರಿಳಿತವೂ ಈ ನೀರಿನ ಏರಿಳಿತವೂ ಒಂದೇ ವ್ಯವಸ್ಥೆಯ ಎರಡು ಮುಖ ಎಂಬುದನ್ನು 1969ರಲ್ಲಿ ಜೇಕಬ್ ಬ್ಯರ್ಕ್ನೆಸ್ ವಿವರಿಸಿದರು.

ಸರಾಸರಿಯ ಮಾತಿಗೆ ಬರುವ ಮೊದಲು ಯಾವ ಸರಾಸರಿ ಎಂದು ಕೇಳಬೇಕು. ಪ್ರಬಲ ಎಲ್ ನಿನೊ ಬಂದ ವರ್ಷ ಭೂಮಿಯ ಸರಾಸರಿ ಮೇಲ್ಮೈ ಉಷ್ಣಾಂಶ 0.1ರಿಂದ 0.2 ಡಿಗ್ರಿಯಷ್ಟು ಮೇಲೇರುತ್ತದೆ. ಆದರೆ ಅದೇ ಹೊತ್ತಿನಲ್ಲಿ ಉಷ್ಣವಲಯದ ಪೆಸಿಫಿಕ್ ತಾನು ಕೂಡಿಟ್ಟುಕೊಂಡಿದ್ದ ಶಾಖವನ್ನು ಕಳೆದುಕೊಳ್ಳುತ್ತಿರುತ್ತದೆ. ಲಾ ನಿನಾ ಕಾಲದಲ್ಲಿ ಇದು ತಿರುಗಾಮುರುಗಾ: ಮೇಲ್ಮೈ ತಂಪು, ಆಳದಲ್ಲಿ ಶಾಖದ ಜಮಾವಣೆ. 1998ರ ನಂತರದ ಹದಿನೈದು ವರ್ಷಗಳಲ್ಲಿ ಮೇಲ್ಮೈ ಬಿಸಿಯೇರಿಕೆ ನಿಧಾನವಾದಂತೆ ಕಂಡಾಗ ಜಾಗತಿಕ ತಾಪಮಾನ ಏರಿಕೆಯೇ ಸುಳ್ಳು ಎಂದವರಿದ್ದರು. ಆಗ ಪೆಸಿಫಿಕ್ ಲಾ ನಿನಾ ಕಡೆಗೆ ವಾಲಿತ್ತು, ವಾಣಿಜ್ಯ ಮಾರುತಗಳು ಬಿರುಸಾಗಿದ್ದವು, ಶಾಖ ಕೆಳಗಿಳಿಯುತ್ತಿತ್ತು. ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೆದ್ದು ಬಂದು ಉಪಗ್ರಹಕ್ಕೆ ಅಳತೆ ಒಪ್ಪಿಸುವ ಆರ್ಗೊ ತೇಲುಯಂತ್ರಗಳು ಸಾಗರದ ಒಡಲು ಬಿಸಿಯಾಗುತ್ತಲೇ ಇದ್ದುದನ್ನು ತೋರಿಸಿದವು. ಮೇಲ್ಮೈಯನ್ನಷ್ಟೇ ನೋಡಿ ತೀರ್ಪು ಕೊಡುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ಬಾಕಿಯ ವಿಷಯ. ಪ್ರಬಲ ಎಲ್ ನಿನೊ ಪೂರ್ವ ಪೆಸಿಫಿಕ್ಕನ್ನು ಬಿಸಿ ಮಾಡುವಷ್ಟು ಲಾ ನಿನಾ ಅದನ್ನು ತಂಪು ಮಾಡಲಾರದು. ಆ ಭಾಗದಲ್ಲಿ ತಣ್ಣೀರು ಮೊದಲೇ ಮೇಲ್ಮೈಗೆ ಹತ್ತಿರದಲ್ಲಿರುತ್ತದೆ. ಅದನ್ನು ಇನ್ನೂ ಮೇಲಕ್ಕೆ ತಂದು ಮಾಡಬಹುದಾದ ತಂಪಿಗೆ ಒಂದು ಮಿತಿಯಿದೆ. ಬಿಸಿನೀರು ನುಗ್ಗಿ ಬರುವುದಕ್ಕೆ ಅಂಥ ಬಿಗಿಯಾದ ಮಿತಿಯಿಲ್ಲ. ಲಾ ನಿನಾ ದೀರ್ಘಾಯುಷಿ ಎಂಬುದು ನಿಜ. 2020ರಲ್ಲಿ ಶುರುವಾದದ್ದು 2023ರ ಆರಂಭದವರೆಗೂ ಎಳೆಯಿತು. ಹಾಗಿದ್ದರೂ ಎರಡೂ ಸೇರಿ ಸೊನ್ನೆಯಾಗುವುದಿಲ್ಲ. ಕಂಪ್ಯೂಟರ್ ಮಾದರಿಗಳಲ್ಲಿ ಈ ಏರಿಳಿತ ಇರುವ ಮತ್ತು ಇಲ್ಲದ ಪೆಸಿಫಿಕ್ಕನ್ನು ಹೋಲಿಸಿ ನೋಡಿದ ಅಧ್ಯಯನಗಳು ಇನ್ನೊಂದು ಪರಿಣಾಮವನ್ನೂ ತೋರಿಸಿವೆ: ಏರಿಳಿತವೇ ಪಶ್ಚಿಮದ ಬಿಸಿನೀರಿನ ಮೇಲ್ಪದರದಿಂದ ಶಾಖವನ್ನು ಕೆಳಕ್ಕೆ ಬೆರೆಸುತ್ತದೆ. ಹೀಗಾಗಿ ದೀರ್ಘಕಾಲದ ಸರಾಸರಿಯಲ್ಲಿ ಆ ಮೇಲ್ಮೈ ತುಸು ತಂಪಾಗಿಯೂ ಅದರ ಕೆಳಗಿನ ಪದರ ತುಸು ಬೆಚ್ಚಗೂ ಇರುತ್ತದೆ.

ಈ ಅಸಮತೋಲದ ಪರಿಣಾಮ ಪೆಸಿಫಿಕ್‌ಗಷ್ಟೇ ಸೀಮಿತವಲ್ಲ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1901ರಿಂದ 2012ರ ನಡುವೆ ಪಶ್ಚಿಮ ಹಿಂದೂ ಮಹಾಸಾಗರದ ಬೇಸಿಗೆಯ ಮೇಲ್ಮೈ ಉಷ್ಣಾಂಶ 1.2 ಡಿಗ್ರಿಯಷ್ಟು ಏರಿದೆ. ಇದೇ ಸಾಗರದ ಸದಾ ಬಿಸಿಯಾಗಿರುವ ಭಾಗ ಏರಿದ್ದು 0.7 ಡಿಗ್ರಿ ಮಾತ್ರ. ಎಲ್ ನಿನೊ ವರ್ಷಗಳಲ್ಲಿ ಆಫ್ರಿಕಾದ ಕರಾವಳಿಯಾಚೆ ಬೀಸುವ ನೈಋತ್ಯ ಮಾರುತ ಸೊರಗುತ್ತದೆ, ತಣ್ಣೀರಿನ ಉಕ್ಕೂ ಆವಿಯಾಗುವಿಕೆಯೂ ತಗ್ಗಿ ಸಮುದ್ರ ಬಿಸಿಯೇರುತ್ತದೆ. ಲಾ ನಿನಾ ಬಂದಾಗ ಅಷ್ಟೇ ಪ್ರಮಾಣದ ತಂಪು ಬರುವುದಿಲ್ಲ. ಎಲ್ ನಿನೊಗಳ ಬಲ ಹೆಚ್ಚಿದ ದಶಕಗಳಲ್ಲಿ ಈ ಬಾಕಿ ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗಿದೆ. ಭಾರತದ ನೆಲಕ್ಕೂ ಈ ಸಮುದ್ರಕ್ಕೂ ಇರುವ ತಾಪದ ಅಂತರವೇ ಮುಂಗಾರನ್ನು ಎಳೆದು ತರುವ ಶಕ್ತಿಗಳಲ್ಲೊಂದು. ಸಮುದ್ರ ಬಿಸಿಯಾದಷ್ಟೂ ಆ ಅಂತರ ಕುಗ್ಗುತ್ತದೆ. ಅರಬ್ಬೀ ಸಮುದ್ರದ ನೀರು ಬೆಚ್ಚಗಾದಂತೆ ಚಂಡಮಾರುತಗಳಿಗೂ ಮೇವು ಹೆಚ್ಚುತ್ತದೆ. 2021ರ ಮೇ ತಿಂಗಳಲ್ಲಿ ಕರ್ನಾಟಕದ ಕರಾವಳಿಯನ್ನು ಜಾಡಿಸಿ ಹೋದ ತೌಕ್ತೆ ಚಂಡಮಾರುತ ಬೆಳೆದದ್ದು ಇದೇ ಸಮುದ್ರದ ಮೇಲೆ.

ಇಷ್ಟೆಲ್ಲ ಹೇಳಿದರೂ ಎಲ್ ನಿನೊ ಶಾಖವನ್ನು ಹುಟ್ಟಿಸುವುದಿಲ್ಲ, ಇರುವ ಶಾಖವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತದೆ ಅಷ್ಟೆ. ಹಸಿರುಮನೆ ಅನಿಲಗಳು ಹಿಡಿದಿಟ್ಟ ಹೆಚ್ಚುವರಿ ಶಾಖದಲ್ಲಿ ಶೇ 90ಕ್ಕೂ ಹೆಚ್ಚು ಪಾಲು ಸಾಗರಗಳನ್ನು ಸೇರುತ್ತಿದೆ. ಒಟ್ಟಾರೆ ಸರಾಸರಿ ಏರುತ್ತಿರುವುದು ಅದರಿಂದ. ಆ ಏರಿಕೆ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ, ಮೇಲ್ಮೈಯಲ್ಲೋ ಆಳದಲ್ಲೋ ಎಂಬುದನ್ನು ನಿರ್ಧರಿಸುವುದರಲ್ಲಿ ಎಲ್ ನಿನೊ–ಲಾ ನಿನಾಗಳ ಪಾತ್ರ ದೊಡ್ಡದು. ಆದರೆ ಇಂದಿನ ಅನೇಕ ಹವಾಮಾನ ಮಾದರಿಗಳಲ್ಲಿ ಈ ಎರಡೂ ಹೆಚ್ಚುಕಡಿಮೆ ಸಮಬಲದವಾಗಿಯೇ ಮೂಡುತ್ತವೆ. ನಿಜವಾದ ಸಾಗರದಲ್ಲಿರುವ ಅಸಮತೋಲ ಅವುಗಳಲ್ಲಿ ಸರಿಯಾಗಿ ಕಾಣಿಸಿಕೊಳ್ಳುವವರೆಗೆ, ಅರಬ್ಬೀ ಸಮುದ್ರ ಮುಂದೆ ಎಷ್ಟು ಬಿಸಿಯಾದೀತು ಎಂಬ ಅವುಗಳ ಅಂದಾಜನ್ನು ಎಚ್ಚರದಿಂದಲೇ ಓದಬೇಕು.