ಅಗೆದು ತೆಗೆದವರೇ ಹೂಳಲಿ

ಕಾಫಿ ಹಣ್ಣನ್ನು ಪಲ್ಪರಿಗೆ ಹಾಕುವ ಬೆಳೆಗಾರ ಅದರ ಕೊಳೆನೀರನ್ನು ಹಳ್ಳಕ್ಕೆ ಬಿಡುವಂತಿಲ್ಲ. ಗುಂಡಿ ತೋಡಿ, ಸುಣ್ಣ ಹಾಕಿ, ತನ್ನ ಖರ್ಚಿನಲ್ಲೇ ಶುದ್ಧಮಾಡಬೇಕು. ನೆಲದಡಿಯಿಂದ ಎಣ್ಣೆ, ಅನಿಲ, ಕಲ್ಲಿದ್ದಲು ತೆಗೆದು ಮಾರುವ ಕಂಪನಿಗಳಿಗೆ ಇಂಥ ಕಟ್ಟುಪಾಡು ಬಹುಮಟ್ಟಿಗೆ ಇಲ್ಲ. ಅವರ ಸರಕು ಉರಿದಾಗ ಹೊರಡುವ ಇಂಗಾಲದ ಡೈಆಕ್ಸೈಡ್ ಗಾಳಿಯ ಪಾಲು.

ತೆಗೆದವರೇ ಅದನ್ನು ಮತ್ತೆ ನೆಲದಡಿ ಸೇರಿಸಲಿ ಎಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿ ಮೈಲ್ಸ್ ಆಲೆನ್ ವಾದಿಸುತ್ತ ಬಂದಿದ್ದಾರೆ. ಮೊದಲು ಅಲ್ಪ ಭಾಗ, ಕ್ರಮೇಣ ಏರಿಸುತ್ತ ಕೊನೆಗೆ ಪೂರ್ತಿ.

ಇದು ಆಗುವ ಮಾತೇ ಎಂದು ಕೇಳುವವರು ನಾರ್ವೆಯನ್ನು ನೋಡಬೇಕು. ಉತ್ತರ ಸಮುದ್ರದ ಸ್ಲೈಪ್ನರ್ ಅನಿಲದಲ್ಲಿ ಶೇಕಡಾ 9ರಷ್ಟು ಇಂಗಾಲದ ಡೈಆಕ್ಸೈಡ್ ಬೆರೆತಿತ್ತು, ಬೇರ್ಪಡಿಸದೆ ಮಾರುವಂತಿರಲಿಲ್ಲ. ಅದನ್ನು ಗಾಳಿಗೆ ಬಿಟ್ಟರೆ 1991ರಿಂದ ತೆರಿಗೆ. ಆದ್ದರಿಂದ 1996ರಲ್ಲಿ ಕಂಪನಿ ಅದನ್ನು ಸಮುದ್ರತಳದಿಂದ 800 ಮೀಟರಿಗೂ ಕೆಳಗಿನ ಮರಳುಕಲ್ಲಿನ ಪದರಕ್ಕೆ ಒತ್ತತೊಡಗಿತು, ವರ್ಷಕ್ಕೆ ಹತ್ತಿರ ಹತ್ತಿರ 10 ಲಕ್ಷ ಟನ್. ಮೇಲಿನ ಜೇಡಿಕಲ್ಲಿನ ದಪ್ಪ ಹಾಸೇ ಅದಕ್ಕೆ ಮುಚ್ಚಳ.

ಆಸ್ಟ್ರೇಲಿಯದ ಗಾರ್ಗನ್ ಕಥೆ ಬೇರೆ. ಅನುಮತಿ ಪತ್ರದಲ್ಲೇ ಶೇಕಡಾ 80ರಷ್ಟು ಹೂಳಬೇಕೆಂಬ ಷರತ್ತಿತ್ತು. ಅನಿಲ ಮಾರಾಟ 2016ರಲ್ಲೇ ಶುರುವಾಯಿತು; ಹೂಳುವ ಕೆಲಸ 2019ರಲ್ಲಿ! ಕೊರತೆ ತುಂಬಲು ಕಂಪನಿ ಸುಮಾರು 52 ಲಕ್ಷ ಟನ್ನಿನ ಪರಿಹಾರ ಪತ್ರಗಳನ್ನು ಕೊಳ್ಳಬೇಕಾಯಿತು. ಮಾರಾಟಕ್ಕೆ ಮೊದಲೇ ಹೂಳಿ ತೋರಿಸಿ ಎಂದಿದ್ದರೆ ಹೀಗಾಗುತ್ತಿರಲಿಲ್ಲವೇನೋ.

ಎರಡೂ ಕಡೆ ಹೂಳಿದ್ದು ಬಾವಿಯಲ್ಲೇ ಅನಿಲದೊಡನೆ ಬಂದದ್ದನ್ನು ಮಾತ್ರ, ಗಿರಾಕಿಯ ಒಲೆಯ ಹೊಗೆಯನ್ನಲ್ಲ. ಯುರೋಪ್ ಒಕ್ಕೂಟ 2024ರ ಕಾನೂನಿನಲ್ಲಿ ಒಂದು ಹೆಜ್ಜೆ ಮುಂದಿಟ್ಟಿದೆ. 2030ರೊಳಗೆ ವರ್ಷಕ್ಕೆ 5 ಕೋಟಿ ಟನ್ ಹೂಳುವಷ್ಟು ಸ್ಥಳವನ್ನು ಅಲ್ಲಿನ ಎಣ್ಣೆ, ಅನಿಲ ಉತ್ಪಾದಕರು ತಮ್ಮ ತಮ್ಮ ಉತ್ಪಾದನೆಯ ಪಾಲಿಗೆ ತಕ್ಕಂತೆ ಸಿದ್ಧಪಡಿಸಬೇಕು.

ನಮ್ಮ ಜೇಬಿಗೆ ಇದರಿಂದ ಏನು? ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಓಡಿಸಲು ಡೀಸೆಲ್ ಸುಡುವವರು ನಾವೇ. ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. ಅದನ್ನು ಹಿಡಿದು ಹೂಳಲು ಟನ್ನಿಗೆ 5,000 ರೂಪಾಯಿ ತಗಲುವುದೆಂದು ಇಟ್ಟುಕೊಂಡರೆ, ಪೂರ್ತಿ ಹೊಣೆ ಹೊರಿಸಿದಾಗ ಲೀಟರಿಗೆ 13 ರೂಪಾಯಿ 50 ಪೈಸೆ. ಹತ್ತರಲ್ಲೊಂದು ಪಾಲಾದರೆ 1 ರೂಪಾಯಿ 35 ಪೈಸೆ. ಕಂಪನಿ ತನ್ನ ಲಾಭದಿಂದ ಕೊಡುವುದೆಂಬ ಭ್ರಮೆ ಬೇಡ, ಬಹುಪಾಲು ಬೆಲೆಗೇ ಸೇರುತ್ತದೆ. ನಮ್ಮ ದೇಶದಲ್ಲಿ ಇಂಥ ಕಾನೂನು ಇನ್ನೂ ಇಲ್ಲ. ಬರುವುದಾದರೆ ಸಣ್ಣ ಪಾಲಿನಿಂದಲೇ ಶುರುವಾಗಲಿ, ಮುಂದಿನ ವರ್ಷಗಳ ಏರಿಕೆಯನ್ನು ಮೊದಲೇ ತಿಳಿಸಲಿ ಎಂದು ಸಣ್ಣ ಬೆಳೆಗಾರರು ಈಗಲೇ ಕೇಳುವುದು ಒಳ್ಳೆಯದು.