ಸೀಳಿದ ಬಂಪರನ್ನು ಮನೆಯಲ್ಲೇ ಬೆಸೆಯುವುದು ಹೇಗೆ?

ಬೇಸಿಗೆ ರಜೆಯಲ್ಲಿ ನಾವು ಕುರುಗೋಡಿನ ಖಾಲಾ ಮನೆಗೆ ಹೋಗಿದ್ದೆವು. ಊಟ ಮುಗಿಸಿ ಅಬ್ಬಾ ಮಲಗಿದ್ದರು. ಕಾರು ಬಿಸಿಲಲ್ಲಿ ನಿಂತಿತ್ತು. ನೆರಳಿಗೆ ಸರಿಸೋಣ ಎಂದು ನಾನು ಕೀಲಿ ತೆಗೆದುಕೊಂಡೆ. ಹಿಂದಕ್ಕೆ ತೆಗೆಯುವಾಗ ಪಕ್ಕದ ಮನೆಯ ಕಲ್ಲಿನ ಕಟ್ಟೆ ಕಾಣಲಿಲ್ಲ. ಇಳಿದು ನೋಡಿದರೆ ಹಿಂದಿನ ಬಂಪರ್‌ನಲ್ಲಿ ಗೇಣುದ್ದ ಸೀಳು. ನನಗೆ ಹದಿನೇಳು ವರ್ಷ. ಲೈಸೆನ್ಸ್ ಇಲ್ಲ.

ಅಲ್ಲಿದ್ದ ನೆಂಟರೊಬ್ಬರು, "ಇನ್ಶೂರೆನ್ಸ್ ಇದೆಯಲ್ಲ, ನೀವೇ ಓಡಿಸ್ತಿದ್ರಿ ಅಂತ ಬರೆದುಬಿಡಿ" ಎಂದು ಅಬ್ಬಾಗೆ ಹೇಳಿದರು. ಅಬ್ಬಾ ಒಪ್ಪಲಿಲ್ಲ. ನನ್ನ ಕಡೆ ತಿರುಗಿ, "ತೋಡ್ಯಾ ಸೋ ತೂ, ಜೋಡ್ನಾ ಬೀ ತೂಚ್" ಎಂದರು. ಒಡೆದವನು ನೀನು, ಕೂಡಿಸಬೇಕಾದವನೂ ನೀನೇ ಎಂದರ್ಥ. ಹೀಗೆ ನಾನು ಬಂಪರ್ ರಿಪೇರಿ ಕಲಿಯಬೇಕಾಯಿತು. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಂಟು ಏಕೆ ಹಿಡಿಯಲಿಲ್ಲ?

ಮೊದಲು ನಾನು ಅಂಗಡಿಯಿಂದ ಬೇಗ ಅಂಟುವ ಅಂಟು ತಂದು ಸೀಳಿಗೆ ಹಚ್ಚಿದೆ. ಬಳ್ಳಾರಿ ಮುಟ್ಟುವಷ್ಟರಲ್ಲಿ, ಹಂಪ್‌ಗಳ ಮೇಲೆ ಕುಲುಕಿ ಅದು ಮತ್ತೆ ಬಾಯಿ ಬಿಟ್ಟಿತ್ತು. ಸಿರುಗುಪ್ಪದಲ್ಲಿ ಟಿಂಕರಿಂಗ್ ಕೆಲಸ ಮಾಡುವ ನನ್ನ ಮಾಮು ಭಾನುವಾರ ನಮ್ಮ ಮನೆಗೆ ಬಂದಾಗ ಕಾರಣ ಹೇಳಿದರು. ಬಹುತೇಕ ಕಾರುಗಳ ಬಂಪರ್ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನಿಂದ ಆಗಿರುತ್ತದೆ. ಹೋಟೆಲಿನ ಪಾರ್ಸಲ್ ಡಬ್ಬಿಗಳೂ ಹೆಚ್ಚಾಗಿ ಇದರಲ್ಲೇ ಆಗುತ್ತವೆ. ಎಣ್ಣೆ ಸವರಿದ ತವೆಯ ಮೇಲೆ ನೀರು ನಿಲ್ಲದಂತೆ, ಇದರ ಮೇಲೆ ಸಾಮಾನ್ಯ ಅಂಟು ಹರಡಿ ಹಿಡಿದುಕೊಳ್ಳುವುದಿಲ್ಲ. ಅಲ್ಲದೆ ಆ ಅಂಟು ಒಣಗಿದರೆ ಗಾಜಿನಂತೆ ಗಡುಸಾಗುತ್ತದೆ. ಬಂಪರ್ ಬಾಗುತ್ತದೆ, ಅಂಟು ಬಾಗುವುದಿಲ್ಲ, ಆದ್ದರಿಂದ ಬಿಟ್ಟುಹೋಗುತ್ತದೆ.

ಆದರೆ ಈ ಪ್ಲಾಸ್ಟಿಕ್‌ಗೆ ಒಂದು ಒಳ್ಳೆಯ ಗುಣವಿದೆ. ಮೇಣದಬತ್ತಿಯಂತೆ ಕಾಸಿದರೆ ಕರಗುತ್ತದೆ, ಆರಿದರೆ ಮತ್ತೆ ಗಟ್ಟಿಯಾಗುತ್ತದೆ. ಕುಕ್ಕರ್ ಹಿಡಿಯ ಕಪ್ಪು ಪ್ಲಾಸ್ಟಿಕ್ ಹಾಗಲ್ಲ, ಅದು ಕರಗದೆ ಸುಟ್ಟುಹೋಗುತ್ತದೆ. ಹಾಗಾಗಿ ಬಂಪರನ್ನು ಅಂಟಿಸುವ ಬದಲು ಬೆಸೆಯಬೇಕು.

ಕೆಲಸದ ಕ್ರಮ

1. ಬಂಪರನ್ನು ಕಾರಿನಿಂದ ಬಿಚ್ಚಿ. ಚಕ್ರದ ಬಳಿ, ಕೆಳಗೆ ಮತ್ತು ಡಿಕ್ಕಿಯ ಅಂಚಿನಲ್ಲಿ ಸ್ಕ್ರೂ ಹಾಗೂ ಕ್ಲಿಪ್‌ಗಳಿರುತ್ತವೆ. ಬಿಚ್ಚುವ ಮುಂಚೆ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ, ಸ್ಕ್ರೂಗಳನ್ನು ಒಂದು ಬಟ್ಟಲಲ್ಲಿ ಹಾಕಿಡಿ. ಲೈಟ್ ಅಥವಾ ಸೆನ್ಸರ್ ವೈರ್ ಇದ್ದರೆ ಎಳೆಯದೆ ನಿಧಾನವಾಗಿ ಕಳಚಿ.

2. ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಒಳಭಾಗದಲ್ಲಿ ಪ್ಲಾಸ್ಟಿಕ್‌ನ ಜಾತಿ ಅಚ್ಚೊತ್ತಿರುತ್ತದೆ. ನಮ್ಮದರಲ್ಲಿ 'ಪಿಪಿ + ಇಪಿಡಿಎಂ' ಎಂದಿತ್ತು. ಅಂದರೆ ಪಾಲಿಪ್ರೊಪಿಲೀನ್ ಜೊತೆಗೆ ಒಂದು ಬಗೆಯ ರಬ್ಬರ್. 'ಎಬಿಎಸ್' ಎಂದಿದ್ದರೆ ಅದು ಬೇರೆ ಪ್ಲಾಸ್ಟಿಕ್. ಒಂದು ಜಾತಿಯನ್ನು ಇನ್ನೊಂದರ ಜೊತೆ ಬೆಸೆಯಲು ಬರುವುದಿಲ್ಲ. ತುಂಬಲು ಬೇಕಾದ ಪಟ್ಟಿಗಳನ್ನು ಇದೇ ಅಕ್ಷರವಿರುವ ಹಳೆಯ ಬಂಪರ್ ತುಂಡಿನಿಂದ ಕತ್ತರಿಸಿಕೊಳ್ಳಿ. ಮಾಮು ತಮ್ಮ ಅಂಗಡಿಯಿಂದ ಒಂದು ತುಂಡು ತಂದಿದ್ದರು.

3. ಸೀಳು ಕೊನೆಯಾಗುವ ಜಾಗದಲ್ಲಿ 3 ಮಿ.ಮೀ.ನ ಸಣ್ಣ ತೂತು ಕೊರೆಯಿರಿ. ಇರುವುದನ್ನೇ ಇನ್ನಷ್ಟು ಕೆಡಿಸುತ್ತಿದ್ದಾರೆ ಎಂದು ನನಗೆ ಅನಿಸಿತು. ಆದರೆ ಸೀಳಿನ ತುದಿ ಚೂಪಾಗಿರುತ್ತದೆ, ಎಳೆತವೆಲ್ಲ ಅದೊಂದೇ ಬಿಂದುವಿನ ಮೇಲೆ ಬಿದ್ದು ಸೀಳು ಮುಂದೆ ಓಡುತ್ತದೆ. ದುಂಡಗಿನ ತೂತು ಆ ಎಳೆತವನ್ನು ಸುತ್ತಲೂ ಹಂಚಿ ಸೀಳನ್ನು ಅಲ್ಲೇ ನಿಲ್ಲಿಸುತ್ತದೆ.

4. ಎರಡೂ ಅಂಚುಗಳನ್ನು ಸರಿಯಾಗಿ ಕೂಡಿಸಿ, ಹೊರಗಡೆಯಿಂದ ಟೇಪ್ ಬಿಗಿಯಾಗಿ ಹಚ್ಚಿ. ಒಳಗಡೆ ಸೀಳಿನ ಉದ್ದಕ್ಕೂ ದಪ್ಪದ ಅರ್ಧದಷ್ಟು ಕಾಲುವೆಯಂತೆ ಕೆರೆಯಿರಿ. ಸೋಲ್ಡರಿಂಗ್ ಐರನ್ ಕಾಸಿ ಅಂಚುಗಳನ್ನು ಕರಗಿಸಿ ಕೂಡಿಸುತ್ತ, ಪಟ್ಟಿಯನ್ನು ಕರಗಿಸಿ ಕಾಲುವೆ ತುಂಬಿ. ಅದರ ಮೇಲೆ ಸಣ್ಣ ಕಣ್ಣಿನ ಸ್ಟೀಲ್ ಜಾಲಿಯನ್ನಿಟ್ಟು, ಅದು ಪ್ಲಾಸ್ಟಿಕ್‌ನಲ್ಲಿ ಮುಳುಗುವವರೆಗೆ ಒತ್ತಿ. ಆರ್‌ಸಿಸಿಗೆ ಕಬ್ಬಿಣ ಹೇಗೋ ಇದಕ್ಕೆ ಜಾಲಿ ಹಾಗೆ.

5. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಗೆ ಕರಗುತ್ತದೆ. ಐರನ್ನಿನ ತುದಿ ಅದಕ್ಕಿಂತ ಬಹಳ ಹೆಚ್ಚು ಕಾದಿರುತ್ತದೆ. ಒಂದೇ ಕಡೆ ಹಿಡಿದು ನಿಲ್ಲಬೇಡಿ. ಹೊಗೆ ಎದ್ದರೆ ಪ್ಲಾಸ್ಟಿಕ್ ಸುಡುತ್ತಿದೆ ಎಂದು ತಿಳಿಯಿರಿ, ಸುಟ್ಟ ಪ್ಲಾಸ್ಟಿಕ್‌ಗೆ ಬಲವಿಲ್ಲ. ಬಯಲಿನಲ್ಲೇ ಕೆಲಸ ಮಾಡಿ, ಮಾಸ್ಕ್ ಹಾಕಿಕೊಳ್ಳಿ, ಥಿನ್ನರ್, ಪೆಟ್ರೋಲ್ ದೂರವಿಡಿ. ಬೇಗ ಆರಲೆಂದು ನೀರು ಹಾಕಬೇಡಿ.

6. ಪೂರ್ತಿ ಆರಿದ ಮೇಲೆ ಟೇಪ್ ಕಿತ್ತು, ಹೊರಗಿನ ಗೆರೆಯನ್ನೂ ಸ್ವಲ್ಪ ಕೆರೆದು ಹೀಗೆಯೇ ತುಂಬಿ. ನಂತರ 80, 180, 320 ನಂಬರಿನ ಎಮರಿ ಪೇಪರ್‌ಗಳಿಂದ ಒಂದಾದ ಮೇಲೊಂದು ಉಜ್ಜಿ. ಬಣ್ಣಕ್ಕೆ ಮುಂಚೆ ಪ್ಲಾಸ್ಟಿಕ್ ಪ್ರೈಮರ್ ಬೇಕೇ ಬೇಕು. ಅಂಟು ಹಿಡಿಯದ ಪ್ಲಾಸ್ಟಿಕ್‌ಗೆ ಬಣ್ಣವೂ ಹಿಡಿಯುವುದಿಲ್ಲ. ನಮ್ಮ ಬಳ್ಳಾರಿಯ ಬಿಸಿಲಲ್ಲಿ ಮಧ್ಯಾಹ್ನ ಸ್ಪ್ರೇ ಹೊಡೆಯಬಾರದು. ಬೆಳಗಿನ ಹೊತ್ತು, ಧೂಳು ಏಳುವ ಮುಂಚೆ, ತೆಳುವಾಗಿ ಎರಡು ಮೂರು ಸಲ ಹೊಡೆಯಿರಿ.

ಎಲ್ಲ ಬಂಪರನ್ನೂ ಮನೆಯಲ್ಲಿ ಸರಿಮಾಡಲಾಗದು. ನಮಗೆ ಕಾಣುವುದು ಹೊರಗಿನ ಹೊದಿಕೆ ಮಾತ್ರ. ಡಿಕ್ಕಿಯ ಏಟನ್ನು ತಾಳಲೆಂದು ಹಲವು ಕಾರುಗಳಲ್ಲಿ ಅದರ ಹಿಂದೆ ಲೋಹದ ಪಟ್ಟಿ ಇರುತ್ತದೆ. ಅದು ಬಾಗಿದ್ದರೆ, ಬಂಪರನ್ನು ಬಾಡಿಗೆ ಹಿಡಿಸುವ ಕಿವಿಗಳು ಮುರಿದಿದ್ದರೆ, ಸೆನ್ಸರ್ ಕೂರುವ ಜಾಗ ಒಡೆದಿದ್ದರೆ ಗ್ಯಾರೇಜಿಗೇ ಹೋಗಬೇಕು.

ಕಾಮರ್ಸ್ ಲೆಕ್ಕ

ನಾನು ಖರ್ಚು ಮಾಡಿದ್ದು: ಸ್ಟೀಲ್ ಜಾಲಿ ₹80, ಎಮರಿ ಪೇಪರ್ ₹60, ಮಾಸ್ಕ್ ₹30, ಪ್ರೈಮರ್ ಮತ್ತು ಸ್ಪ್ರೇ ಬಣ್ಣ ₹650. ಒಟ್ಟು ₹820. ಐರನ್, ಡ್ರಿಲ್ಲಿಂಗ್ ಮೆಷಿನ್ ಮಾಮು ಅವರದು.

ಓಡಿಸಿದ್ದು ಅಬ್ಬಾ ಅವರೇ ಆಗಿದ್ದು, ನಿಜವಾಗಿಯೇ ಕ್ಲೇಮ್ ಮಾಡಿದ್ದರೆ? ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಸವಕಳಿ ಎಂದು ಶೇ. 50 ಕಳೆಯುತ್ತಾರೆ. 1500 ಸಿಸಿವರೆಗಿನ ಖಾಸಗಿ ಕಾರಿಗೆ ಪ್ರತಿ ಕ್ಲೇಮಿನಲ್ಲಿ ಮೊದಲ ₹1,000 ನಮ್ಮದೇ. ಬಂಪರ್ ಬೆಲೆ ₹3,000 ಎಂದಿಟ್ಟುಕೊಳ್ಳಿ. ಸವಕಳಿ ಕಳೆದು ₹1,500, ಅದರಲ್ಲಿ ₹1,000 ಹೋದರೆ ಕೈಗೆ ಬರುವುದು ₹500. ಕೂಲಿ ಮತ್ತು ಬಣ್ಣದ ಲೆಕ್ಕ ಬೇರೆ. ಜೊತೆಗೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಇದು ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಶೇ. 20ರಿಂದ ಶುರುವಾಗಿ ಶೇ. 50ರವರೆಗೆ ಏರುವ ರಿಯಾಯಿತಿ. ಸಣ್ಣ ಸೀಳಿಗಾಗಿ ಅದನ್ನು ಕಳೆದುಕೊಳ್ಳುವುದು ನಷ್ಟದ ವ್ಯಾಪಾರ.

ಆದರೆ ನನ್ನ ತಪ್ಪಿನ ನಿಜವಾದ ಬೆಲೆ ಈ ಲೆಕ್ಕದಲ್ಲಿಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಕಲಂ ಸೇರಿದೆ. ಹದಿನೆಂಟು ತುಂಬದವರು ವಾಹನ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ಮಾಲೀಕರಿಗೆ ₹25,000 ದಂಡ, 3 ವರ್ಷಗಳವರೆಗೆ ಜೈಲು ಆಗಬಹುದು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಓಡಿಸಿದವನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ನಾನು ಗುದ್ದಿದ ಕಟ್ಟೆಯ ಮೇಲೆ ಸಂಜೆ ಹೊತ್ತು ಓಣಿಯ ಮಕ್ಕಳು ಕೂತಿರುತ್ತಾರೆ ಎಂದು ಖಾಲಾ ಆಮೇಲೆ ಹೇಳಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಸುಗೆ ಈಗಲೂ ಗಟ್ಟಿಯಾಗಿದೆ. ಸಿರುಗುಪ್ಪಕ್ಕೆ ಎರಡು ಸಲ ಹೋಗಿ ಬಂದರೂ ಬಿಟ್ಟಿಲ್ಲ. ಹತ್ತಿರದಿಂದ ನೋಡಿದರೆ ಮಾತ್ರ ಬಣ್ಣದ ವ್ಯತ್ಯಾಸ ಗೊತ್ತಾಗುತ್ತದೆ. ಗ್ಯಾರೇಜಿನಲ್ಲಿ ಬಣ್ಣ ಹೊಂದಿಸಿಕೊಡುತ್ತಾರೆ, ದುಡ್ಡು ನಾನು ಕೂಡಿಡುತ್ತೇನೆ ಎಂದೆ. ಅಬ್ಬಾ ಬೇಡವೆಂದರು. ನಿನ್ನ ಕೈಗೆ ಲೈಸೆನ್ಸ್ ಬರುವವರೆಗೆ ಅದು ಹಾಗೇ ಕಾಣುತ್ತಿರಲಿ ಎಂದರು.